ಕೂಟ ಮುಗಿದ ಮೇಲೆ ತಪ್ಪು ಹೇಳುವುದು ಹೇಗೆ, ಕೇಳಿಸಿಕೊಳ್ಳುವುದು ಹೇಗೆ? (ತಾಳಮದ್ದಳೆ ಅಭ್ಯಾಸಿಗಳಿಗೆ)

ವರ್ಕಾಡಿ ಸಂಘ

ಯಕ್ಷಗಾನ ತಿರುಗಾಟ ಮುಗಿಯುವ ಪತ್ತನಾಜೆ ಕಳೆಯಿತು, ಮೇಳಗಳು ಗೆಜ್ಜೆ ಬಿಚ್ಚಿದವು. ಇನ್ನು ಮಳೆಗಾಲ ಪೂರಾ ನಮ್ಮ ಕಡೆ ತಾಳಮದ್ದಳೆಯೇ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಸಂಘದಲ್ಲಿ ಹೊಸ ಅರ್ಥಧಾರಿಗಳಿಗೆ (ಪದ್ಯಕ್ಕೆ ಪಾತ್ರವಾಗಿ ಮಾತು ಹೇಳುವವರಿಗೆ) ವಾರಕ್ಕೊಂದು ಅಭ್ಯಾಸ ಕೂಟ ಇಡುವುದೆಂದು ನಿಶ್ಚಯ ಆಗಿದೆ. ಮೊದಲಿನದು ವಾಲಿವಧೆ ಪ್ರಸಂಗ.

ತೊಂದರೆ ಇರುವುದು ಕೂಟ ಮುಗಿದ ಮೇಲೆ. ಮುಖದೆದುರು ಎಲ್ಲರೂ "ಲಾಯ್ಕಾಯ್ತು" ಅನ್ನುತ್ತಾರೆ. ಜೀಪು ಹತ್ತಿದ ಮೇಲೆ ನಿಜ ಹೊರಗೆ ಬೀಳುತ್ತದೆ. ಅದು ಎರಡು ದಿನ ಬಿಟ್ಟು, ಬೇರೆಯವರ ಬಾಯಿಯಿಂದ, ಉಪ್ಪು ಖಾರ ಸೇರಿ ಅರ್ಥ ಹೇಳಿದವನ ಕಿವಿಗೆ ಮುಟ್ಟುತ್ತದೆ. ಮುಂದಿನ ವಾರ ಅವ ಬರುವುದಿಲ್ಲ. ತಪ್ಪು ಒಪ್ಪು ಹೇಳಲಿಕ್ಕೆ ಒಂದು ಕ್ರಮ ಬೇಕು. ಯಾರು ಹೇಳಬೇಕು, ಯಾವಾಗ, ಎಷ್ಟು? ಹಿರಿಯರೂ ಸಂಬಂಧಿಕರೂ ಇರುವ ಕಡೆ ನಡೆಯುವಂಥದ್ದು ಹೇಳಿ.

ಕುಂಬಳೆ ಸೀಮೆ

ಮೊದಲು ಒಂದು ನಿಯಮ ಮಾಡಿ: ಪದ್ಯದ ನಂಬ್ರ ಹೇಳದೆ ಯಾರೂ ಅಭಿಪ್ರಾಯ ಹೇಳುವ ಹಾಗಿಲ್ಲ. ಅಭ್ಯಾಸ ಕೂಟಕ್ಕೆ ಹನ್ನೆರಡೋ ಹದಿನೈದೋ ಪದ್ಯ ಆಯುತ್ತೀರಿ. ಆ ಪಟ್ಟಿಯನ್ನು ಪದ್ಯ ಹಾಡುವ ಭಾಗವತರ ಕೈಯಿಂದ ಮೊದಲೇ ತೆಗೆದುಕೊಂಡು, ನಂಬ್ರ ಹಾಕಿ, ಜೆರಾಕ್ಸ್ ಮಾಡಿ, ಕೇಳಲು ಕೂತವರಿಗೂ ಕೊಡಿ. ಬಲಬದಿ ಎರಡು ಅಂಗುಲ ಖಾಲಿ ಬಿಡಿ, ಅಲ್ಲೇ ಬರೆದುಕೊಳ್ಳಲಿ.

"ನಿನ್ನ ವಾಲಿಗೆ ಗತ್ತು ಸಾಲದು" ಎಂಬ ಮಾತನ್ನು ಹಿಡಿದುಕೊಂಡು ಯಾವ ಹುಡುಗನೂ ಏನೂ ಮಾಡಲಾರ. ಗತ್ತು ಎಲ್ಲಿ ಸಾಲದು? ಸ್ವರದಲ್ಲೋ, ಶಬ್ದದಲ್ಲೋ, ಕೂತ ಭಂಗಿಯಲ್ಲೋ? ಹೇಳಿದವನಿಗೂ ಗೊತ್ತಿರುವುದಿಲ್ಲ. ಅದರ ಬದಲು ಹೀಗೆ ಹೇಳಿ ನೋಡಿ: "ಏಳನೇ ಪದ್ಯ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ಮೂರು ಸಲ ಕೇಳಿದಿ. ಎರಡನೇ ಸಲಕ್ಕೇ ರಾಮ ಉತ್ತರ ಕೊಡಲು ಹೊರಟಿದ್ದ, ನೀನು ಬಿಡಲಿಲ್ಲ, ಅವ ಸುಮ್ಮನಾದ. ಮೂರನೇ ಸಲ ಕೇಳುವಾಗ ಪ್ರಶ್ನೆಯ ಮೊನೆ ಹೋಗಿತ್ತು." ಯಾವ ಜಾಗ, ಏನು ಮಾಡಿದ್ದು, ಅದರಿಂದ ಕೂಟಕ್ಕೆ ಏನಾಯಿತು. ಅಷ್ಟೇ. ಅವನ ಓದು, ಅವನ ಅಹಂಕಾರ, ಅವನ ಗುರು, ಇದ್ಯಾವುದೂ ಅಲ್ಲಿ ಬರಲಿಲ್ಲ ಎಂಬುದನ್ನು ಗಮನಿಸಿ.

ಅದರ ಬೆನ್ನಿಗೇ ಒಂದು ಪ್ರಶ್ನೆ ಹಾಕಬೇಕು: "ಅಲ್ಲಿ ನಿನ್ನ ಲೆಕ್ಕ ಎಂತ ಇತ್ತು?" ಇದು ಮರ್ಯಾದೆಗೆ ಕೇಳುವ ಪ್ರಶ್ನೆಯಲ್ಲ. ಮುಂದಿನ ಪಾಯಿಂಟು ಮರೆತು ಹೋಗಿ ಹೊತ್ತು ತುಂಬಿಸಲು ಅದನ್ನೇ ಮೂರು ಸಲ ಹೇಳಿದ್ದರೆ ಮದ್ದು ಒಂದು: ಪದ್ಯಕ್ಕೆ ಮೂರು ಪಾಯಿಂಟು ಚೀಟಿಯಲ್ಲಿ ಬರೆದು ತೊಡೆಯ ಮೇಲೆ ಇಟ್ಟುಕೊಳ್ಳುವುದು. ಒತ್ತು ಕೊಡಲೆಂದು ಬೇಕೆಂದೇ ಮಾಡಿದ್ದರೆ ಮದ್ದು ಬೇರೆ: ಮೂರು ಸಲವೂ ಒಂದೇ ವಾಕ್ಯ ಬೇಡ, ಪ್ರಶ್ನೆ ಏರುತ್ತಾ ಹೋಗಲಿ. ಕಾರಣ ಕೇಳದೆ ಮದ್ದು ಕೊಟ್ಟರೆ ಅರ್ಧಕ್ಕರ್ಧ ತಪ್ಪು ಮದ್ದೇ ಹೋಗುತ್ತದೆ.

ವಾಲಿ ಅರ್ಥದಲ್ಲಿ ಹೊಸಬರು ಜಾರುವ ಜಾಗ ಒಂದಿದೆ, ಅದನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಿ. ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ 17ನೇ ಸರ್ಗ ವಾಲಿಯ ಆಕ್ಷೇಪ, 18ನೆಯದು ರಾಮನ ಉತ್ತರ. ರಾಮ ಹೇಳುವುದು ಇಷ್ಟು: ಈ ಭೂಮಿ ಇಕ್ಷ್ವಾಕುಗಳದ್ದು, ನಾವು ಭರತನ ಆಜ್ಞೆಯಲ್ಲಿರುವವರು. ತಮ್ಮನ ಹೆಂಡತಿ ರುಮೆಯನ್ನು ನೀನು ಇಟ್ಟುಕೊಂಡೆ. ನೀನು ಶಾಖಾಮೃಗ (ಕಪಿ), ಬೇಟೆಗೆ ಮರೆ ದೋಷವಲ್ಲ. ಹುಡುಗ ಎರಡೂ ಸರ್ಗ ಓದಿರುತ್ತಾನೆ. ಓದಿದ್ದೆಲ್ಲ ಹೇಳಬೇಕೆಂಬ ಉಮೇದಿನಲ್ಲಿ "ನಾನು ಮೃಗವೆಂದು ಹೇಳುತ್ತೀಯೋ? ಹಾಗಾದರೆ..." ಎಂದು ರಾಮನ ಪಾಲಿನ ಮಾತನ್ನೂ ತಾನೇ ಎತ್ತಿ ತಾನೇ ಖಂಡಿಸಿ ಮುಗಿಸುತ್ತಾನೆ. ಇದಿರು ಕೂತ ರಾಮನಿಗೆ ಹೇಳಲು ಏನೂ ಉಳಿಯುವುದಿಲ್ಲ. ಇದನ್ನು "ನೀನು ಜಾಸ್ತಿ ಮಾತಾಡಿದಿ" ಅಂದರೆ ಅವನಿಗೆ ಸಿಟ್ಟು ಬರುತ್ತದೆ, ಬರಲೇಬೇಕು. "ಒಂಬತ್ತನೇ ಪದ್ಯದಲ್ಲಿ ರಾಮನಿಗೆ ಬಿಡಬೇಕಾದ ಎರಡು ಪಾಯಿಂಟು ನೀನೇ ಮುಗಿಸಿದಿ" ಅಂದರೆ ಅವ ಕಾಗದ ನೋಡುತ್ತಾನೆ.

ಒಬ್ಬ ಅಭ್ಯಾಸಿಗೆ ಒಂದು ರಾತ್ರಿ ಎರಡು ತಿದ್ದುಪಡಿ, ಅದಕ್ಕಿಂತ ಮೇಲೆ ಬೇಡ. ಹತ್ತು ತಪ್ಪು ಕಂಡರೂ ಎರಡೇ ಹೇಳಿ. ಆಯುವಾಗ ಇದಿರು ಪಾತ್ರಕ್ಕೆ ತೊಂದರೆ ಕೊಟ್ಟದ್ದು ಮೊದಲು, ಪ್ರಸಂಗದ ನಡೆ ಕೆಡಿಸಿದ್ದು ಆಮೇಲೆ, ಶಬ್ದದ ಚಂದ ಎಲ್ಲಕ್ಕಿಂತ ಕೊನೆಗೆ.

ಉಪ್ಪಳದ ಹಳೇ ಕೇಳುಗ

ಇಷ್ಟೆಲ್ಲ ನಯ ನಾಜೂಕು ಯಾಕೆ ಮಾರಾಯ್ರೆ? ಹಿಂದಿನವರು ಚೌಕಿಯಲ್ಲೇ (ವೇಷ ಕಟ್ಟುವ ಕೋಣೆಯಲ್ಲೇ) ನಾಲ್ಕು ಜನರೆದುರು ಬೈದು ಕಲಿಸಿದರು, ಕಲಿತವರು ಕಲಿತರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಮಣ್ಣಿನಲ್ಲಿ ಕೂತು ಬೈಗುಳಕ್ಕೆ ಹೆದರಿದರೆ ಅರ್ಥ ಹೇಳುವುದು ಹೇಗೆ? ಈಗಿನವರು "ಮೆಲ್ಲ ಹೇಳಿ" ಅನ್ನುವುದರ ತಾತ್ಪರ್ಯ "ಹೇಳಲೇಬೇಡಿ" ಅಂತ.

ಟೀಚರಕ್ಕ, ಪೈವಳಿಕೆ

ಅಣ್ಣ, ಬೈಸಿಕೊಂಡು ಕಲಿತವರ ಲೆಕ್ಕ ನಮ್ಮ ಹತ್ತಿರ ಇದೆ, ಯಾಕೆಂದರೆ ಅವರು ವೇದಿಕೆಯಲ್ಲಿ ಕಾಣುತ್ತಾರೆ. ಬೈಸಿಕೊಂಡು ಬಿಟ್ಟು ಹೋದವರ ಲೆಕ್ಕ ಯಾರೂ ಇಟ್ಟಿಲ್ಲ.

ಈ ವಿಷಯದಲ್ಲಿ ಅಳತೆ ಮಾಡಿದ ಕೆಲಸ ಉಂಟು. 1996ರಲ್ಲಿ ಕ್ಲುಗರ್ ಮತ್ತು ಡೆನಿಸಿ ಎಂಬ ಇಬ್ಬರು ಸಂಶೋಧಕರು ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ, 607 ಫಲಿತಾಂಶಗಳನ್ನು ಹೋಲಿಸಿ ನೋಡಿದರು. ಸರಾಸರಿ ತೆಗೆದರೆ ಹಿಮ್ಮಾಹಿತಿಯಿಂದ (ಫೀಡ್‌ಬ್ಯಾಕ್) ಕೆಲಸ ಸುಧಾರಿಸಿತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಅವರು ಕೊಟ್ಟ ವಿವರಣೆ ನಮ್ಮ ಕೂಟಕ್ಕೆ ಸರಿಯಾಗಿ ಹೊಂದುತ್ತದೆ: ಗಮನವು, ಮಾಡುವ ಕೆಲಸದಿಂದ ಜಾರಿ "ನಾನು ಎಂಥವ" ಎಂಬಲ್ಲಿಗೆ ಹೋದಷ್ಟೂ ಪ್ರಯೋಜನ ಇಳಿಯುತ್ತದೆ. ಹೊಗಳಿಕೆಗೂ ಇದು ಅನ್ವಯ. "ನೀನು ಹುಟ್ಟು ಕಲಾವಿದ" ಎಂಬುದೂ ಅಭ್ಯಾಸಕ್ಕೆ ಏನೂ ಕೊಡುವುದಿಲ್ಲ. ಮೆಲ್ಲ ಹೇಳುವುದೋ ಜೋರು ಹೇಳುವುದೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಕುಂಬಳೆಯವರು ಹೇಳಿದ ಏಳನೇ ಪದ್ಯದ ಮಾತು ಮೆದುವೇನಲ್ಲ, ಸಾಕಷ್ಟು ಖಾರವೇ ಇದೆ. ಆದರೆ ಅದು ಪದ್ಯಕ್ಕೆ ತಾಗುತ್ತದೆ, ಹುಡುಗನಿಗೆ ತಾಗುವುದಿಲ್ಲ.

ಸ್ಯಾಂಡ್‌ವಿಚ್ ಅಂತ ಟ್ರೈನಿಂಗಿನಲ್ಲಿ ಹೇಳಿಕೊಡುತ್ತಾರಲ್ಲ, ಎರಡು ಹೊಗಳಿಕೆಯ ನಡುವೆ ಒಂದು ತಪ್ಪು, ಅದನ್ನು ದಯವಿಟ್ಟು ಬಿಡಿ. ಎರಡು ಸಲ ತಿಂದವನಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ "ಪೀಠಿಕೆ ಲಾಯ್ಕಾಯ್ತು" ಅಂದ ಕೂಡಲೇ ಅವ "ಆದರೆ" ಎಲ್ಲಿ ಬರುತ್ತದೆಂದು ಕಾಯುತ್ತಾನೆ, ಹೊಗಳಿದ್ದು ಕಿವಿಗೆ ಬೀಳುವುದೇ ಇಲ್ಲ. ಒಳ್ಳೆಯದನ್ನು ಹೇಳುವುದಿದ್ದರೆ ಅದಕ್ಕೂ ಪದ್ಯದ ನಂಬ್ರ ಬೇಕು: "ನಾಲ್ಕನೇ ಪದ್ಯದಲ್ಲಿ ಹೆಂಡತಿ ತಾರೆ ತಡೆಯುವಾಗ ನೀನು ಅವಸರ ಮಾಡದೆ ಅವಳ ಮಾತು ಪೂರ್ತಿ ಕೇಳಿದಿ, ಅದರಿಂದ ನಿನ್ನ ನಿರಾಕರಣೆಗೆ ತೂಕ ಬಂತು. ಅದನ್ನು ಹಾಗೇ ಉಳಿಸಿಕೊ." ಇದು ಹೊಗಳಿಕೆಗಿಂತ ಹೆಚ್ಚಾಗಿ ಸೂಚನೆ. ಚೆನ್ನಾಗಿ ಬಂದದ್ದು ಯಾಕೆ ಚೆನ್ನಾಗಿ ಬಂತು ಎಂದು ತಿಳಿಯದವ ಮುಂದಿನ ಸಲ ಅದನ್ನೇ ಬಿಟ್ಟುಬಿಡುತ್ತಾನೆ.

ಮುಳ್ಳೇರಿಯ ಮದ್ದಳೆ

ಅರ್ಥಧಾರಿಗಳ ವಿಚಾರವೇ ಆಯಿತು. ಹಿಮ್ಮೇಳದವರಿಗೆ (ಹಾಡು, ವಾದ್ಯದವರಿಗೆ) ಬರುವ ವಿಮರ್ಶೆ ಇನ್ನೂ ಮೋಸ. "ಮದ್ದಳೆ ಓಡ್ತದೆ" ಅಂತ ಒಂದು ಮಾತು ಬಿಸಾಡಿ ಹೋಗುತ್ತಾರೆ.

ಓಡಿದ್ದು ಯಾರು ಅಂತ ಮೊದಲು ನೋಡಿ. ಕಾಲ ಹಿಡಿಯುವುದು ಭಾಗವತರ ಜಾಗಟೆ, ಮದ್ದಳೆ ಅದರ ಬೆನ್ನಿಗೆ ಹೋಗಬೇಕಾದ್ದು. ಜಾಗಟೆಯೇ ಏರಿದ್ದರೆ ಮದ್ದಳೆಯವ ಏರದೆ ಎಂತ ಮಾಡಲಿ? ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮೆಟ್ರೊನೋಮ್ ಆ್ಯಪ್ ಹಾಕಿ, ಪದ್ಯದ ಮೊದಲ ಸಾಲಿಗೆ ಬೆರಳಿನಲ್ಲಿ ಬಡಿದು ನಿಮಿಷಕ್ಕೆ ಎಷ್ಟು ಪೆಟ್ಟು ಅಂತ ಬರೆಯಿರಿ. ಕೊನೆಯ ಸಾಲಿಗೆ ಪುನಃ ಬರೆಯಿರಿ. 60 ಇದ್ದದ್ದು 64 ಆದರೆ ಅದು ಸಹಜ, ಪದ್ಯ ಬಿಸಿಯಾಗುತ್ತಾ ಹೋಗುತ್ತದೆ. 75 ಆಗಿದ್ದರೆ ಎಲ್ಲಿಂದ ಏರಿತು ಎಂದು ಹುಡುಕಿ. ಹೊಸಬರಲ್ಲಿ ಹೆಚ್ಚಾಗಿ ಸಾಲಿನ ಕೊನೆಗೆ, ಮುಕ್ತಾಯಕ್ಕೆ (ಮುಗಿಸುವ ಪೆಟ್ಟುಗಳಿಗೆ) ಕೈ ಹೊರಡುವಾಗ ಏರುತ್ತದೆ. ಪಾಠ, ಅಂದರೆ ನಡುವಿನ ಮಾಮೂಲು ಪೆಟ್ಟು, ಬಾರಿಸುವಾಗ ಸರಿ ಇರುತ್ತದೆ. ಹಾಗಿದ್ದರೆ ಹೇಳಬೇಕಾದ ಮಾತು "ಮುಕ್ತಾಯಗಳನ್ನು ನಿಧಾನ ಕಾಲದಲ್ಲಿ ಬೇರೆಯಾಗಿ ಸಾಧನೆ ಮಾಡು" ಎಂದು. "ಓಡ್ತೀ" ಎಂದಲ್ಲ.

ತಾಳ ತಪ್ಪಿತು ಎನ್ನುವುದೂ ಹಾಗೇ. ಯಾವ ತಾಳ? ತ್ರಿವುಡೆ 7 ಅಕ್ಷರ (ಎಣಿಕೆ), ಝಂಪೆ 10, ಅಷ್ಟ 14. ತ್ರಿವುಡೆಯಲ್ಲಿ ಒಂದು ಅಕ್ಷರ ನುಂಗಿದರೆ ಮುಂದಿನ ಆವರ್ತದಲ್ಲೇ ಗೊತ್ತಾಗುತ್ತದೆ. ಅಷ್ಟದಲ್ಲಿ ಹೊಸಬ ನಡುವೆ ಎಲ್ಲೋ ಕಳೆದುಕೊಂಡು ಕೊನೆಗೆ ಹೇಗೋ ಹೊಂದಿಸಿಕೊಂಡಿರುತ್ತಾನೆ. ಎಲ್ಲಿ ಕಳೆದುಕೊಂಡ ಎಂದು ಕೈಯಲ್ಲಿ ತಾಳ ಹಾಕಿ ತೋರಿಸಲು ಬಾರದವರು ಆ ವಿಷಯ ಎತ್ತಬಾರದು. ಖಡಾಖಂಡಿತವಾಗಿ ಹೇಳುತ್ತಿದ್ದೇನೆ, ಬೇಸರ ಮಾಡಬೇಡಿ.

ವರ್ಕಾಡಿ ಸಂಘ

ಹೇಳುವವರಿಗೆ ಆಯಿತು. ಕೇಳುವವರಿಗೆ? ನಮ್ಮಲ್ಲಿ ನಿಜವಾದ ಕಷ್ಟ ಅಲ್ಲೇ ಇರುವುದು. ಒಂದು ಮಾತು ಹೇಳಿದರೆ ಹತ್ತು ಸಮಜಾಯಿಷಿ ಬರುತ್ತದೆ: ಭಾಗವತರು ಪದ್ಯ ಬಿಟ್ಟರು, ಮೈಕ್ ಸರಿ ಇರಲಿಲ್ಲ, ಇದಿರಿನವರು ಹೊತ್ತು ತಿಂದರು.

ನೀರ್ಚಾಲು ಭಾವ

ಇದರಲ್ಲಿ ಒಂದು ಸೋಜಿಗ ಉಂಟು. ಎರಡು ತಾಸು "ನೀನು ಅಧರ್ಮಿ, ಹೇಡಿ, ಕಪಟಿ" ಎಂದು ಇದಿರಿನವ ಬಿಡದೆ ಹೇಳಿದರೂ ರಾಮನಾಗಿ ಕೂತವನಿಗೆ ಕೋಪ ಬರುವುದಿಲ್ಲ. ಅವ ಪಾಯಿಂಟು ಹಿಡಿದು ಉತ್ತರ ಕೊಡುತ್ತಾನೆ, ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಕಾಫಿ ಕುಡಿಯುತ್ತಾರೆ. ಅದೇ ಮನುಷ್ಯನಿಗೆ ಶಾಲು ತೆಗೆದಿಟ್ಟ ಮೇಲೆ "ಎರಡನೇ ಪದ್ಯ ಉದ್ದ ಆಯಿತು" ಅಂದರೆ ತಡೆಯುವುದಿಲ್ಲ. ಕಾರಣ ಸರಳ. ಕೂಟದಲ್ಲಿ ಬಿದ್ದ ಪೆಟ್ಟು ಪಾತ್ರಕ್ಕೆ, ಹೊರಗೆ ಬಿದ್ದದ್ದು ತನಗೆ ಎಂದು ಅವನ ಲೆಕ್ಕ. ಆದ ಕಾರಣ ಮಾತಿನಲ್ಲೇ ಪಾತ್ರವನ್ನು ಉಳಿಸಿಕೊಳ್ಳಿ. "ನೀನು ಆ ಪ್ರಶ್ನೆ ತಪ್ಪಿಸಿಕೊಂಡೆ" ಬೇಡ, "ರುಮೆಯ ವಿಷಯ ಬಂದಾಗ ವಾಲಿ ಉತ್ತರ ಕೊಡದೆ ದಾಟಿದ" ಅನ್ನಿ. ಸಣ್ಣ ವ್ಯತ್ಯಾಸ, ಆದರೆ ಕೆಲಸ ಮಾಡುತ್ತದೆ.

ಇನ್ನು ಕೇಳುವವನ ಕಡೆ. ಆ ರಾತ್ರಿ ಅವನಿಗೆ ಪ್ರಶ್ನೆ ಕೇಳುವ ಹಕ್ಕು ಉಂಟು, "ನಿನ್ನ ಲೆಕ್ಕ ಎಂತ ಇತ್ತು" ಎಂದು ಕೇಳಿದ್ದಕ್ಕೆ ಬಿಟ್ಟರೆ ಉತ್ತರ ಕೊಡುವ ಹಕ್ಕು ಇಲ್ಲ. ಇದನ್ನು ಸಂಘದ ನಿಯಮವಾಗಿಯೇ ಮಾಡಿಬಿಡಿ. ಅವನವನ ಸಂಯಮಕ್ಕೆ ಬಿಟ್ಟರೆ ನಡೆಯುವುದಿಲ್ಲ. ಎರಡು ತಾಸು ವಾದ ಮಾಡಿ ಎದ್ದವನ ತಲೆ ಇನ್ನೂ ವಾದದಲ್ಲೇ ಓಡುತ್ತಿರುತ್ತದೆ. ಯಾರು ಎಂತ ಹೇಳಿದರೂ ಅದಕ್ಕೆ ಖಂಡನೆ ತಾನಾಗಿ ಬಾಯಿಗೆ ಬರುತ್ತದೆ. ಅರ್ಥಧಾರಿಗೆ ಅದೇ ತಾನೇ ಕಸುಬು! ಅದನ್ನು ತಡೆಯಲಿಕ್ಕೆ ಕೈಗೆ ಒಂದು ಕೆಲಸ ಬೇಕು. ಹಾಗಾಗಿ ಪುಸ್ತಕ ಪೆನ್ನು. ಹೇಳಿದವರ ಮಾತನ್ನು ಅವರ ಶಬ್ದದಲ್ಲೇ ಬರೆದುಕೊಳ್ಳುವುದು, ತನ್ನ ಶಬ್ದದಲ್ಲಿ ಅಲ್ಲ. "ಎರಡನೇ ಪದ್ಯ ಉದ್ದ" ಅಂದದ್ದನ್ನು "ನನ್ನ ಅರ್ಥ ಬೋರ್ ಅಂತೆ" ಎಂದು ಬರೆದುಕೊಂಡವ ಅರ್ಧ ಜಗಳ ಅಲ್ಲೇ ಶುರು ಮಾಡಿದ ಹಾಗೆ.

ಕೇಳಬಹುದಾದ ಪ್ರಶ್ನೆ ಮೂರು ನಮೂನೆ. ಯಾವ ಜಾಗದಲ್ಲಿ? ಅಲ್ಲಿ ನಿಮಗೆ ಹೇಗೆ ಕೇಳಿಸಿತು? ಅಲ್ಲಿ ಎಂತ ಇದ್ದಿದ್ದರೆ ಸರಿ ಆಗುತ್ತಿತ್ತು? ಹಿರಿಯರ ಹತ್ತಿರ ಮೂರನೆಯದನ್ನು ನೇರ ಕೇಳಿದರೆ ಸವಾಲು ಹಾಕಿದ ಹಾಗೆ ಆಗುತ್ತದೆ. "ಮಾವ, ಆ ಜಾಗ ಹೇಳಿ, ನಾನು ರೆಕಾರ್ಡಿಂಗಿನಲ್ಲಿ ಕೇಳಿ ನಾಳೆ ನಿಮಗೆ ಫೋನ್ ಮಾಡ್ತೇನೆ" ಅಂದರೆ ಚಂದ. ಫೋನ್ ಮಾಡಲೇಬೇಕು, ಅದು ಮುಖ್ಯ.

ಮರುದಿನ ಬೆಳಗ್ಗೆ ರೆಕಾರ್ಡಿಂಗ್ ಹಾಕಿ, ಬರೆದುಕೊಂಡ ಒಂದೊಂದಕ್ಕೂ ಗುರುತು ಹಾಕುವುದು: ಒಪ್ಪಿದೆ, ಪರೀಕ್ಷೆ ಮಾಡಬೇಕು, ಬಿಟ್ಟೆ. ಒಬ್ಬರಿಗೊಬ್ಬರು ಮಾತಾಡಿಕೊಳ್ಳದ ಇಬ್ಬರು ಒಂದೇ ಜಾಗ ತೋರಿಸಿದ್ದರೆ ಅದನ್ನು "ಬಿಟ್ಟೆ"ಗೆ ಹಾಕುವ ಹಾಗಿಲ್ಲ, ಮನಸ್ಸು ಒಪ್ಪದಿದ್ದರೂ ಪರೀಕ್ಷೆಗೆ ಹಾಕಬೇಕು. ಕೇಳುಗರು ಕಾರಣ ತಪ್ಪು ಹೇಳಬಹುದು, ಆದರೆ ಎಲ್ಲಿ ತೊಡಕಾಯಿತು ಎಂಬ ಜಾಗ ತಪ್ಪುವುದು ಕಡಿಮೆ. "ಅಲ್ಲಿ ಸಂಸ್ಕೃತ ಜಾಸ್ತಿ ಆಯಿತು" ಅನ್ನುತ್ತಾರೆ; ಕೇಳಿ ನೋಡಿದರೆ ಸಂಸ್ಕೃತ ಅಷ್ಟೇನಿಲ್ಲ, ವಾಕ್ಯ ಮುಗಿಸದೆ ಎಳೆದದ್ದು ಇರುತ್ತದೆ. ಜಾಗವನ್ನು ನಂಬಿ, ಕಾರಣವನ್ನು ನೀವೇ ಹುಡುಕಿ.

ಉಪ್ಪಳದ ಹಳೇ ಕೇಳುಗ

ಭಾವ, ಹೇಳಿದ ವಿಮರ್ಶೆಯೇ ತಪ್ಪಾಗಿದ್ದರೆ? ಪುರಾಣ ಗೊತ್ತಿಲ್ಲದವರೂ ದೊಡ್ಡ ಸ್ವರದಲ್ಲಿ ಹೇಳುತ್ತಾರೆ. ಆಗಲೂ ಬಾಯಿ ಮುಚ್ಚಿ ಬರೆದುಕೊಳ್ಳುವುದೋ?

ನೀರ್ಚಾಲು ಭಾವ

ಬರೆದುಕೊಳ್ಳುವುದೇ. ಪುರಾಣದ ವಿಷಯವಾದರೆ ಮುಂದಿನ ವಾರ ಪುಸ್ತಕ ತಂದು ಸರ್ಗ, ಶ್ಲೋಕ ತೋರಿಸಿ, ಎರಡು ನಿಮಿಷದಲ್ಲಿ ಮುಗಿಯುತ್ತದೆ. ಅದೇ ರಾತ್ರಿ ಎತ್ತಿದರೆ ಎರಡು ಗಂಟೆ ಹೋಗುತ್ತದೆ, ಯಾರ ಹತ್ತಿರವೂ ಪುಸ್ತಕ ಇರುವುದಿಲ್ಲ. ಆದರೆ ಒಂದು ಎಚ್ಚರಿಕೆ: ಪ್ರಸಂಗದ ಪದ್ಯವೂ ಮೂಲ ಪುರಾಣವೂ ಬೇರೆ ಹೇಳುವ ಜಾಗಗಳು ಬೇಕಷ್ಟು ಇವೆ. ತಾಳಮದ್ದಳೆಯಲ್ಲಿ ಭಾಗವತರು ಹಾಡಿದ ಪದ್ಯಕ್ಕೆ ಅರ್ಥ. ಪದ್ಯ ಒಂದು ಹೇಳಿ, ಅರ್ಥ ವಾಲ್ಮೀಕಿಯದ್ದು ಹೇಳಿದರೆ, ಶ್ಲೋಕ ತೋರಿಸಿಯೂ ನೀವು ಸೋತಿರಿ.

"ಭಾಗವತರು ಪದ್ಯ ಬಿಟ್ಟರು" ಎಂಬ ಸಮಜಾಯಿಷಿ ಸತ್ಯವೇ ಇರಬಹುದು. ಅದಕ್ಕೆ ಬೇರೆ ಜಾಗ ಕೊಡಿ: ಭಾಗವತರೂ ಕೂತಿರುವಾಗ, ಮುಂದಿನ ಕೂಟದ ಪದ್ಯ ನಿಶ್ಚಯ ಮಾಡುವ ಹೊತ್ತಿನಲ್ಲಿ.

ಬದಿಯಡ್ಕ ಮಹಿಳಾ ತಂಡ

ಹೆಂಗಸರ ಕೂಟದ ವಿಷಯ ಯಾರೂ ಎತ್ತಲಿಲ್ಲ. ನಮಗೆ ಬರುವ ವಿಮರ್ಶೆ ಹತ್ತರಲ್ಲಿ ಒಂಬತ್ತು ಒಂದೇ: "ಸ್ವರಕ್ಕೆ ಗಾಂಭೀರ್ಯ ಸಾಲದು." ಇದು ವಿಮರ್ಶೆ ಆಗುವುದೇ ಇಲ್ಲ, ಯಾಕೆಂದರೆ ಕೇಳಿದವಳು ಮನೆಗೆ ಹೋಗಿ ಗಂಟಲು ಬದಲಾಯಿಸಿಕೊಂಡು ಬರುವ ಹಾಗಿಲ್ಲ. ಬದಲಾಯಿಸಲಿಕ್ಕೆ ಆಗುವುದನ್ನು ಹೇಳಿ.

ಏನೆಲ್ಲ ಬದಲಾಯಿಸಬಹುದು? ಶ್ರುತಿ. ಗಂಡು ಭಾಗವತರಿಗೆ ಇಟ್ಟ ಶ್ರುತಿಗೇ ಹೆಂಗಸು ಅರ್ಥ ಹೇಳಲು ಹೊರಟರೆ ಒಂದೋ ಕೆಳಗೆ ಗೊಣಗಬೇಕು, ಇಲ್ಲ ಮೇಲೆ ಕಿರುಚಬೇಕು. ಕೂಟಕ್ಕೆ ಮೊದಲು ಹತ್ತು ನಿಮಿಷ ಶ್ರುತಿ ಪೆಟ್ಟಿಗೆ ಇಟ್ಟು ಯಾವ ಮನೆಯಲ್ಲಿ (ಶ್ರುತಿಯ ಮಟ್ಟದಲ್ಲಿ) ಮಾತು ಸಲೀಸು ಬರುತ್ತದೆ ಅಂತ ನೋಡಿದರೆ ಅರ್ಧ ಗಾಂಭೀರ್ಯ ಅಲ್ಲೇ ಬರುತ್ತದೆ. ಆಮೇಲೆ ನಿಲುಗಡೆ. ವಾಕ್ಯದ ಕೊನೆಯ ಪದವನ್ನು ನುಂಗಿದರೆ ಸ್ವರ ಸೋತ ಹಾಗೆ ಕೇಳಿಸುತ್ತದೆ, ಗಂಡಸರಿಗೂ ಇದು ಉಂಟು. ಮತ್ತೆ ಮೈಕ್. ನಾಲ್ಕು ಬೆರಳು ದೂರಕ್ಕೂ ಒಂದು ಗೇಣು ದೂರಕ್ಕೂ ಸ್ವರದ ದಪ್ಪ ಬೇರೆಯೇ ಆಗುತ್ತದೆ. ಸೌಂಡಿನವ ಗಂಡು ಸ್ವರಕ್ಕೆ ಹೊಂದಿಸಿಟ್ಟದ್ದನ್ನು ಮುಟ್ಟಿಯೂ ನೋಡಿರುವುದಿಲ್ಲ. ಊರಲ್ಲಿ "ಸ್ವರ ದೋಷ" ಅಂತ ಹೇಳುವುದರಲ್ಲಿ ಎಷ್ಟೋ ಪಾಲು ಮೈಕ್ ದೋಷ.

"ಹೆಂಗಸಾಗಿ ಇಷ್ಟು ಹೇಳಿದ್ದೇ ದೊಡ್ಡದು" ಎಂಬ ಹೊಗಳಿಕೆಯನ್ನೂ ಇದೇ ಪಟ್ಟಿಗೆ ಸೇರಿಸಿಕೊಳ್ಳಿ.

ಮಂಜೇಶ್ವರ–ಶಾರ್ಜಾ

ವಾಟ್ಸಾಪ್ ಗ್ರೂಪಿಗೆ ಒಂದು ನಿಯಮ ಹಾಕಿ ಮಾರಾಯ್ರೆ: ಕೂಟದ ಆಡಿಯೋ ಹಾಕಬಹುದು, ವಿಮರ್ಶೆ ಹಾಕುವ ಹಾಗಿಲ್ಲ. ಇನ್ನೂರು ಜನರೆದುರು ಬರೆದದ್ದಕ್ಕೆ ಯಾವ ಮನುಷ್ಯನೂ "ಹೌದು, ಸರಿ" ಅನ್ನುವುದಿಲ್ಲ, ಅವನಿಗೆ ಅಲ್ಲಿ ಮುಖ ಉಳಿಸಿಕೊಳ್ಳಬೇಕು. ದೂರದಲ್ಲಿ ಕೇಳುವ ನಮ್ಮಂಥವರು ಹೇಳುವುದಿದ್ದರೆ ಖಾಸಗಿಯಾಗಿ ವಾಯ್ಸ್ ಕಳಿಸಬೇಕು, ಬರಹ ಬೇಡ. ಬರಹದಲ್ಲಿ ದನಿ ಕಾಣುವುದಿಲ್ಲ, ಓದುವವ ತನಗೆ ತೋಚಿದ ದನಿ ಹಾಕಿಕೊಂಡು ಓದುತ್ತಾನೆ. ವಾಯ್ಸ್ ಒಂದೂವರೆ ನಿಮಿಷದ ಒಳಗೆ ಇರಲಿ, ಆಡಿಯೋದ ಯಾವ ನಿಮಿಷ, ಯಾವ ಸೆಕೆಂಡು ಎಂದು ಮೊದಲೇ ಹೇಳಿ. "41 ನಿಮಿಷ 20ರಿಂದ ಕೇಳು" ಅಂದರೆ ಅವ ಅಲ್ಲಿಗೇ ಹೋಗಿ ಕೇಳುತ್ತಾನೆ, ನಿಮ್ಮ ಜೊತೆ ವಾದಕ್ಕೆ ಬರುವುದಿಲ್ಲ.

ವರ್ಕಾಡಿ ಸಂಘ

ಇನ್ನೊಂದು ಗಂಟು. ಸಂಘದ ಹಿರಿಯರೊಬ್ಬರು ಅಭ್ಯಾಸ ಕೂಟದಲ್ಲೂ ಪೀಠಿಕೆಗೆ ನಲ್ವತ್ತು ನಿಮಿಷ ತೆಗೆಯುತ್ತಾರೆ. ಹೊಸಬರಿಗೆ ಹೊತ್ತೇ ಸಿಗುವುದಿಲ್ಲ. ಅವರಿಗೆ ಹೇಳುವುದು ಹೇಗೆ? ಅವರ ಎದುರು ಕೂತವರಲ್ಲಿ ಅಳಿಯಂದಿರೂ ಶಿಷ್ಯರೂ ಇದ್ದಾರೆ.

ಕುಂಬಳೆ ಸೀಮೆ

ಹೇಳಬೇಡಿ. ಇದು ಹೇಳಿ ಸರಿ ಮಾಡುವ ವಿಷಯವೇ ಅಲ್ಲ, ಏರ್ಪಾಡಿನಲ್ಲಿ ಸರಿ ಮಾಡಬೇಕಾದ್ದು. ಪದ್ಯದ ಪಟ್ಟಿ ಮಾಡುತ್ತೀರಲ್ಲ, ಅದರಲ್ಲಿ ಪ್ರತಿ ಪದ್ಯದ ಮುಂದೆ ನಿಮಿಷ ಬರೆಯಿರಿ: ಪೀಠಿಕೆ 12, ಉಳಿದವು 5ರಿಂದ 7. ಎಲ್ಲರಿಗೂ ಒಂದೇ ಪಟ್ಟಿ, ಹಿರಿಯರಿಗೆ ಕಾರ್ಯದರ್ಶಿಯೇ ಮನೆಗೆ ಹೋಗಿ ಎರಡು ದಿನ ಮೊದಲು ಕೊಡಲಿ. "ಹೊಸಬರಿಗೆ ಹೊತ್ತು ಹಂಚಬೇಕು, ನೀವು ಹೇಗೆ ಹಂಚಿದರೆ ಸರಿ ಅಂತ ಹೇಳಿ" ಎಂದು ಅವರ ಕೈಯಲ್ಲೇ ತಿದ್ದಿಸಿಕೊಂಡು ಬಂದರೆ ಇನ್ನೂ ಒಳ್ಳೆಯದು. ತಾನೇ ಹಾಕಿದ ಗಡಿಯನ್ನು ಮೀರಲು ಯಾರಿಗೂ ಮುಜುಗರ. ಕೂಟದಲ್ಲಿ ಹೊತ್ತು ಮೀರಿದರೆ ಭಾಗವತರು ಮುಂದಿನ ಪದ್ಯದ ರಾಗ ಮೆಲ್ಲ ಎತ್ತಲಿ. ಎಷ್ಟು ದೊಡ್ಡ ಅರ್ಥಧಾರಿಯಾದರೂ ಭಾಗವತರು ಪದ್ಯ ಎತ್ತಿದರೆ ನಿಲ್ಲಿಸಲೇಬೇಕು. ಅದು ಕ್ರಮ, ಅದರಲ್ಲಿ ಅವಮಾನ ಇಲ್ಲ.

ಹಿರಿಯರಿಗೆ ಅರ್ಥದ ಬಗ್ಗೆಯೇ ಹೇಳಲೇಬೇಕಾದ ಸಂದರ್ಭ ಬಂದರೆ ಇದಿರು ಪಾತ್ರ ಮಾಡುವವ, ತನ್ನ ಕಷ್ಟವಾಗಿ, ಕೂಟಕ್ಕೆ ಮೊದಲು ಕೇಳಲಿ: "ಆ ಪದ್ಯದಲ್ಲಿ ನನಗೆ ಹಿಡಿದುಕೊಳ್ಳಲು ನೀವು ಎಂತ ಬಿಟ್ಟುಕೊಡುತ್ತೀರಿ?" ಒಳ್ಳೆಯ ಅರ್ಥಧಾರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ. ಗೊತ್ತಾಗದವರಿಗೆ ಬಿಡಿಸಿ ಹೇಳಿದರೂ ಗೊತ್ತಾಗುವುದಿಲ್ಲ.

ಟೀಚರಕ್ಕ, ಪೈವಳಿಕೆ

ಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ, ಹಾಗಾಗಿ ನಮ್ಮ ಮಕ್ಕಳಿಗೆ ವಿಮರ್ಶೆ ಅಂದರೆ ಗ್ರೇಡು. ಎ ಸಿಕ್ಕಿತೋ ಇಲ್ಲವೋ, ಅಷ್ಟೇ ಮಾತು, ಸಿಗದಿದ್ದರೆ ಅಪೀಲು. 1988ರಲ್ಲಿ ಇಸ್ರೇಲಿನಲ್ಲಿ ರೂತ್ ಬಟ್ಲರ್ ಅವರು ಶಾಲಾ ಮಕ್ಕಳ ಮೇಲೆ ಮಾಡಿದ ಪ್ರಯೋಗ ಇಲ್ಲಿ ನೆನಪಿಡಬೇಕು. ಕೆಲವರಿಗೆ ಬರಿಯ ಅಂಕ, ಕೆಲವರಿಗೆ ಬರಿಯ ಟಿಪ್ಪಣಿ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರಿಯ ಟಿಪ್ಪಣಿ ಸಿಕ್ಕವರು. ಎರಡೂ ಕೊಟ್ಟಾಗ ಅಂಕ ಟಿಪ್ಪಣಿಯನ್ನು ನುಂಗಿಹಾಕಿತು. ಆದ್ದರಿಂದ ತರಬೇತಿಯಲ್ಲಿ "ಹತ್ತಕ್ಕೆ ಆರು" ಅಂತ ಮಾರ್ಕು ಹಾಕುವ ಅಭ್ಯಾಸ ಬಿಡಿ. ಸ್ಪರ್ಧೆಯ ದಿನ ಬಸ್ಸಿನಲ್ಲಿ ಬರುತ್ತಾ ಯಾವ ತಪ್ಪನ್ನೂ ಎತ್ತಬೇಡಿ. ಗ್ರೇಡಿನ ಬಿಸಿ ಇಳಿದ ಮೇಲೆ, ಎರಡು ದಿನ ಬಿಟ್ಟು ವಿಡಿಯೋ ಹಾಕಿ ಕೂರಿಸಿ. ಮೊದಲು ಮಕ್ಕಳೇ ಹೇಳಲಿ. ನಾವು ಹೇಳಬೇಕೆಂದಿದ್ದರಲ್ಲಿ ಹೆಚ್ಚಿನದನ್ನು ಅವರೇ ಹೇಳುತ್ತಾರೆ, ನಮಗೆ ಉಳಿಯುವುದು ಒಂದೋ ಎರಡೋ.

ಉಚ್ಚಾರ ತಿದ್ದುವುದರಲ್ಲಿ ಎಲ್ಲಕ್ಕಿಂತ ಹೆಚ್ಚು ಮನಸ್ಸು ಮುರಿಯುತ್ತದೆ. ಮನೆಮಾತು ತುಳುವೋ ಮಲಯಾಳವೋ ಮರಾಟಿಯೋ ಇರುವ ಮಗು "ದರ್ಮ, ಬೀಮ" ಅಂದಾಗ ಮಾತಿನ ನಡುವೆ ತಡೆದು ತಿದ್ದಿದರೆ ಅದು ಮುಂದಿನ ವಾಕ್ಯ ಮರೆಯುತ್ತದೆ, ಆಮೇಲೆ ಮಹಾಪ್ರಾಣ ಇರುವ ಶಬ್ದ ಬಂದಾಗೆಲ್ಲ ಹೆದರಿ ನಿಲ್ಲುತ್ತದೆ. ನಡುವೆ ತಡೆಯಬೇಡಿ. ಅದರ ಪಾತ್ರದಲ್ಲಿ ಮತ್ತೆ ಮತ್ತೆ ಬರುವ ಮೂರೇ ಶಬ್ದ ಆರಿಸಿ. ಬೇರೆ ಹೊತ್ತಿನಲ್ಲಿ ಜೋಡಿಯಾಗಿ ಹೇಳಿಸಿ: ಕರ, ಖರ, ಪಲ, ಫಲ, ಬಾರ, ಭಾರ, ದನ, ಧನ. ಬಾಯಿಯ ಮುಂದೆ ಅಂಗೈ ಹಿಡಿದರೆ ಖರ, ಫಲ ಹೇಳುವಾಗ ಗಾಳಿ ತಾಗುವುದು ಮಗುವಿಗೇ ಗೊತ್ತಾಗುತ್ತದೆ, ನಾವು ಸರಿ ತಪ್ಪು ಹೇಳಬೇಕಾಗುವುದೇ ಇಲ್ಲ. ಆ ಮೂರು ಗಟ್ಟಿಯಾದ ಮೇಲೆ ಇನ್ನು ಮೂರು. "ನಿಮ್ಮ ಮನೆಯಲ್ಲಿ ಹೀಗೇ ಮಾತಾಡ್ತಾರಾ" ಎಂಬ ಮಾತು ತಪ್ಪಿಯೂ ಬರಬಾರದು.

ದೊಡ್ಡವರ ಕೂಟಕ್ಕೂ ಒಂದು ಕ್ರಮ ಹೇಳುತ್ತೇನೆ. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ ಕಲಾವಿದರಿಗೆಂದೇ ರೂಪಿಸಿದ ನಾಲ್ಕು ಹೆಜ್ಜೆ. ಮೊದಲು ಕೇಳಿದವರು ತಮಗೆ ಯಾವುದು ನಾಟಿತು ಎಂದಷ್ಟೇ ಹೇಳುವುದು. ಆಮೇಲೆ ಕಲಾವಿದನೇ ಕೇಳುಗರಿಗೆ ಪ್ರಶ್ನೆ ಹಾಕುವುದು. ಮೂರನೆಯದು ಕೇಳುಗರ ಪ್ರಶ್ನೆ, ಆದರೆ ಅದರೊಳಗೆ ಅಭಿಪ್ರಾಯ ಅಡಗಿಸಿಡುವ ಹಾಗಿಲ್ಲ. "ಯಾಕೆ ಅಷ್ಟು ಎಳೆದಿರಿ" ಸಲ್ಲದು, "ಆ ಪದ್ಯಕ್ಕೆ ಎಷ್ಟು ಹೊತ್ತು ಯೋಚಿಸಿದ್ದಿರಿ" ಸಲ್ಲುತ್ತದೆ. ಕೊನೆಗೆ ಅಭಿಪ್ರಾಯ, ಅದೂ ಅನುಮತಿ ಕೇಳಿ: "ಪೀಠಿಕೆಯ ಬಗ್ಗೆ ಒಂದು ಅಭಿಪ್ರಾಯ ಉಂಟು, ಹೇಳಲೇ?" ಬೇಡ ಎನ್ನುವ ಹಕ್ಕು ಕಲಾವಿದನಿಗೆ ಇರುತ್ತದೆ.

ಮುಳ್ಳೇರಿಯ ಮದ್ದಳೆ

ಟೀಚರೇ, ಕ್ರಮ ಒಳ್ಳೆಯದೇ, ಆದರೆ ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ಮನೆಗೆ ಹೊರಟವರನ್ನು ನಾಲ್ಕು ಹೆಜ್ಜೆ ನಡೆಸುವವರು ಯಾರು? "ಬೇಡ" ಅನ್ನುವ ಹಕ್ಕು ಕೊಟ್ಟರೆ ನಮ್ಮವರು ಪ್ರತಿ ಸಲ ಬೇಡ ಅಂದಾರು. ಎರಡನೇ ಹೆಜ್ಜೆ ಮಾತ್ರ ತೆಗೆದುಕೊಳ್ಳಿ. ಅರ್ಥಧಾರಿ ಕೂಟಕ್ಕೆ ಮೊದಲೇ ಒಂದು ಪ್ರಶ್ನೆ ಬರೆದುಕೊಡಲಿ: "ಐದನೇ ಪದ್ಯದಲ್ಲಿ ಸುಗ್ರೀವನ ಮೇಲಿನ ಸಿಟ್ಟೂ ಪ್ರೀತಿಯೂ ಎರಡೂ ಕೇಳಿಸಿತೋ ನೋಡಿ." ಕೇಳುಗರು ಅದನ್ನೇ ನೋಡುತ್ತಾರೆ. ತಾನೇ ಕೇಳಿದ ಪ್ರಶ್ನೆಗೆ ಬಂದ ಉತ್ತರಕ್ಕೆ ಸಿಟ್ಟಾಗುವುದು ಕಷ್ಟ.

ಟೀಚರಕ್ಕ, ಪೈವಳಿಕೆ

ಅದು ಒಪ್ಪಿದೆ. ಅನುಮತಿ ಕೇಳುವುದನ್ನು ಮಾತ್ರ ಬಿಡಬೇಡಿ, ಹಿರಿಯರು ಕಿರಿಯರಿಗೆ ಹೇಳುವಾಗಲೂ ಕೇಳಬೇಕು. ಬೇಡ ಅಂದರೆ ಬೇಡ, ಮುಂದಿನ ವಾರ ಅವನೇ ಕೇಳುತ್ತಾನೆ.

ಉಪ್ಪಳದ ಹಳೇ ಕೇಳುಗ

ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಬೈದವರೆಲ್ಲ ಕೆಡಿಸಿದರು ಅನ್ನುವುದು ಸರಿಯಲ್ಲ. ಬೈದವರು ಆಮೇಲೆ ಮನೆಗೆ ಕರೆದು ರಾತ್ರಿ ಕೂತು ಪದ್ಯ ತೆಗೆದು ಹೇಳಿಕೊಟ್ಟದ್ದೂ ಉಂಟು. ಈಗಿನವರು ನಂಬ್ರ ಹೇಳಿ, ನಿಮಿಷ ಹೇಳಿ, ಕೈ ತೊಳೆದುಕೊಂಡು ಹೋಗುತ್ತಾರೆ. ತಪ್ಪು ತೋರಿಸಿದವ ಸರಿ ಮಾಡಿಸುವವರೆಗೆ ಜೊತೆ ನಿಲ್ಲಬೇಕು ಎಂಬ ನಿಯಮವನ್ನೂ ಸೇರಿಸುವುದಾದರೆ ನಾನು ಪದ್ಯದ ನಂಬ್ರ ಹೇಳಲು ತಯಾರು.

ಕುಂಬಳೆ ಸೀಮೆ

ಅದು ನ್ಯಾಯ. ಹಾಗಾದರೆ ಪಟ್ಟಿಯ ಅಡಿಯಲ್ಲಿ ಒಂದು ಗೆರೆ ಜಾಸ್ತಿ ಹಾಕಿ: ತಿದ್ದುಪಡಿ ಹೇಳಿದವರ ಹೆಸರು, ವಾರದೊಳಗೆ ಯಾವ ದಿನ ಅರ್ಧ ಗಂಟೆ ಕೂರುತ್ತಾರೆ ಎಂಬುದು. ದಿನ ಬರೆಯಲು ಆಗದವರು ಆ ತಿದ್ದುಪಡಿ ಹೇಳುವುದು ಬೇಡ.

ವರ್ಕಾಡಿ ಸಂಘ

ಪಟ್ಟಿ ತಯಾರಾಗುತ್ತಿದೆ. ಪದ್ಯ, ನಿಮಿಷ, ಅರ್ಥಧಾರಿಯ ಒಂದು ಪ್ರಶ್ನೆ, ಎರಡು ತಿದ್ದುಪಡಿಗೆ ಜಾಗ, ಕೂರುವ ದಿನ. ಎ4 ಕಾಗದದ ಒಂದು ಮೈಯಲ್ಲಿ ಹಿಡಿಯುತ್ತದೆ. ಕಾಗದ ಯಾರ ಹತ್ತಿರ ಉಳಿಯಬೇಕು, ಸಂಘದ ಫೈಲಿನಲ್ಲೋ?

ನೀರ್ಚಾಲು ಭಾವ

ಅರ್ಥಧಾರಿಯ ಹತ್ತಿರವೇ. ಸಂಘ ಪ್ರತಿ ಇಟ್ಟುಕೊಳ್ಳಬಾರದು. ಫೈಲಿಗೆ ಹೋಗುತ್ತದೆ ಅಂತ ಗೊತ್ತಾದರೆ ಹೇಳುವವರು ಮೆತ್ತಗಾಗುತ್ತಾರೆ, ಕೇಳುವವರು ವಾದಕ್ಕೆ ನಿಲ್ಲುತ್ತಾರೆ. ಮುಂದಿನ ಕೂಟಕ್ಕೆ ಬರುವಾಗ ಹಳೇ ಕಾಗದ ಅವನೇ ತರಲಿ, ಪ್ರಶ್ನೆ ಬರೆಯುವ ಮೊದಲು ಒಮ್ಮೆ ನೋಡಿಕೊಳ್ಳಲಿ. ಮಳೆಗೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಇಡಿ.